ಫೋನ್ ಹೋದರೂ ಖಾತೆ ಉಳಿಯಲಿ: ಸೆಕ್ಯುರಿಟಿ ಕೀ, ಬ್ಯಾಕಪ್ ಕೋಡ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಕನ್ನಡದ ಮನೆಗಳು ಜಾಸ್ತಿ. ಹೋಟೆಲಿನವರಿದ್ದಾರೆ, ಬ್ಯಾಂಕಿನಿಂದ ರಿಟೈರ್ ಆದವರಿದ್ದಾರೆ, ಐರೋಲಿ, ಪೊವಾಯಿ ಕಡೆ ಕಂಪ್ಯೂಟರ್ ಕೆಲಸಕ್ಕೆ ಹೋಗುವ ಮಕ್ಕಳಿದ್ದಾರೆ. ನಾನು ಫೋರ್ಟಿನ ಒಂದು ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಹಾಗಾಗಿ ಭಾನುವಾರ ಬೆಳಿಗ್ಗೆ ಒಬ್ಬರಲ್ಲ ಒಬ್ಬರು ಫೋನ್ ಹಿಡಿದುಕೊಂಡು ಮನೆಗೆ ಬರುತ್ತಾರೆ. ಅವರು ಕೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ನನ್ನದೂ ಒಂದು ಅನುಭವ ಇದೆ. ಎರಡು ಮಳೆಗಾಲದ ಹಿಂದೆ ಆಫೀಸಿನಿಂದ ಬರುವಾಗ ಲೋಕಲ್ ರೈಲಿನ ಬಾಗಿಲ ಹತ್ತಿರ ನಿಂತಿದ್ದೆ. ಕಳವಾ ದಾಟುವಾಗ ಹಳಿಯ ಪಕ್ಕ ನಿಂತಿದ್ದವನು ಕೋಲಿನಿಂದ ಕೈಗೆ ಹೊಡೆದ. ಇಲ್ಲಿ ಇದಕ್ಕೆ ಫಟ್ಕಾ ಅಂತಾರೆ. ಫೋನ್ ಕೆಳಗೆ ಬಿತ್ತು, ಗಾಡಿ ಮುಂದೆ ಹೋಯಿತು. ಪಾಸ್‌ವರ್ಡ್ ನೆನಪಿತ್ತು. ಆದರೆ ಕೋಡ್ ಕೊಡುವ ಆ್ಯಪ್ ಆ ಫೋನಿನಲ್ಲಿತ್ತು, ಬ್ಯಾಕಪ್ ಕೋಡಿನ (ಫೋನ್ ಇಲ್ಲದಾಗ ಒಳಗೆ ಹೋಗಲು ಮೊದಲೇ ತೆಗೆದಿಡುವ ಕೋಡ್) ಸ್ಕ್ರೀನ್‌ಶಾಟ್ ಕೂಡ ಆ ಫೋನಿನಲ್ಲೇ ಇತ್ತು. ನನ್ನ ಮೇಲ್ ನನಗೇ ತೆರೆಯಲು ಒಂಬತ್ತು ದಿನ ಹಿಡಿಯಿತು. ಕಳ್ಳ ನನ್ನ ಖಾತೆಯೊಳಗೆ ಬರಲಿಲ್ಲ, ನಿಜ. ನಾನೂ ಬರಲಾಗಲಿಲ್ಲ. ಅವತ್ತಿನಿಂದ ಯಾರಿಗೆ ಬೀಗ ಹಾಕಿಕೊಟ್ಟರೂ ಮೊದಲು ಎರಡನೇ ಬೀಗದ ಕೈ ಎಲ್ಲಿಡುತ್ತೀರಿ ಅಂತ ಕೇಳುತ್ತೇನೆ.

ಎರಡು ಹಂತದ ಪರಿಶೀಲನೆ ಅಂದರೆ ಏನು?

ಪಾಸ್‌ವರ್ಡ್ ನಿಮ್ಮ ತಲೆಯಲ್ಲಿರುವುದು. ಎರಡನೆಯದು ನಿಮ್ಮ ಕೈಯಲ್ಲಿರುವುದು: ಫೋನು, ಕೀ, ಅಥವಾ ಕೋಡ್ ಬರೆದ ಕಾಗದ. ಒಂದು ಕದ್ದವನಿಗೆ ಇನ್ನೊಂದು ಸಿಗಬಾರದು. ಅಷ್ಟೇ.

ಎಸ್‌ಎಂಎಸ್‌ನಲ್ಲಿ ಒಟಿಪಿ ಬರುತ್ತಲ್ಲ, ಅದು ಸಾಲದಾ?

ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ವಾಸಿ. ಬೇರೆ ದಾರಿ ಇಲ್ಲದ ಕಡೆ ಅದನ್ನೇ ಇಟ್ಟುಕೊಳ್ಳಿ. ಆದರೆ ಒಟಿಪಿಯನ್ನು ನಾವೇ ಬೇರೆಯವರ ಕೈಗೆ ಕೊಟ್ಟುಬಿಡಬಹುದು, ಗೊತ್ತೇ ಆಗದ ಹಾಗೆ.

ಮುಲುಂಡಿನಲ್ಲಿ ನಮ್ಮ ಪರಿಚಯದವರ ಹೋಟೆಲಿದೆ. ಮಧ್ಯಾಹ್ನ ಊಟ ಮುಗಿದು, ಸಂಜೆಯ ತಿಂಡಿಗೆ ಹಿಟ್ಟು ರುಬ್ಬುವ ಹೊತ್ತು. ಗಲ್ಲಾದಲ್ಲಿ ಕೂತಿದ್ದ ಯಜಮಾನರಿಗೆ ಒಂದು ಮೇಲ್ ಬಂತು. ‘ಮ್ಯಾಪಿನಲ್ಲಿ ನಿಮ್ಮ ಹೋಟೆಲಿನ ಹೆಸರು ಇವತ್ತೇ ತೆಗೆಯುತ್ತೇವೆ, ಇಲ್ಲಿ ಒತ್ತಿ.’ ಒತ್ತಿದರು. ಲಾಗಿನ್ ಪುಟ ಥೇಟ್ ಹಾಗೇ ಇತ್ತು. ಪಾಸ್‌ವರ್ಡ್ ಹಾಕಿದರು, ಒಟಿಪಿ ಬಂತು, ಅದನ್ನೂ ಹಾಕಿದರು. ಆ ಪುಟ ನಕಲಿ. ಅವರು ಹಾಕಿದ್ದನ್ನೆಲ್ಲ ಆ ಕಡೆಯವನು ಅದೇ ಕ್ಷಣದಲ್ಲಿ ಅಸಲಿ ಪುಟಕ್ಕೆ ಹಾಕುತ್ತಾ ಹೋದ. ಒಟಿಪಿ ಸರಿಯಾಗೇ ಇತ್ತು, ಹೊಕ್ಕವನು ಮಾತ್ರ ಬೇರೆ. ಎರಡು ದಿನ ಬಿಟ್ಟು ನೋಡಿದರೆ ಮ್ಯಾಪಿನಲ್ಲಿ ಹೋಟೆಲಿನ ಫೋನ್ ನಂಬರ್ ಬದಲಾಗಿತ್ತು. ನಾಮಕರಣದ ಊಟಕ್ಕೆ ಆರ್ಡರ್ ಕೊಡಲು ಫೋನ್ ಮಾಡಿದವರ ಹತ್ತಿರ ಯಾರೋ ಅಡ್ವಾನ್ಸ್ ಇಸಿದುಕೊಂಡಿದ್ದರು. ಆ ಯಜಮಾನರು ಓದಿದವರು, ಲೆಕ್ಕದಲ್ಲಿ ಬಹಳ ಜಾಗ್ರತೆ. ಯಾರಿಗಾದರೂ ಹೀಗಾಗಬಹುದು.

ಕೋಡ್ ಕೊಡುವ ಆ್ಯಪ್ ಸಿಮ್ಮನ್ನು ನಂಬುವುದಿಲ್ಲ, ಹಾಗಾಗಿ ಎಸ್‌ಎಂಎಸ್‌ಗಿಂತ ಒಂದು ಮೆಟ್ಟಿಲು ಮೇಲೆ. ಪ್ರತಿ 30 ಸೆಕೆಂಡಿಗೆ ಹೊಸ ಆರು ಅಂಕಿ ಬರುತ್ತದೆ. ಆದರೆ ನಕಲಿ ಪುಟಕ್ಕೆ ಹಾಕಿದರೆ ಅದೂ ಹೋಯಿತು.

ಸೆಕ್ಯುರಿಟಿ ಕೀ ಇದನ್ನು ಹೇಗೆ ತಡೆಯುತ್ತದೆ?

ಮೊದಲು ವಸ್ತು ನೋಡಿ. ಹೆಬ್ಬೆರಳಿಗಿಂತ ಸ್ವಲ್ಪ ಚಿಕ್ಕದು, ಚಪ್ಪಟೆ. ಒಂದು ತುದಿ ಚಾರ್ಜರಿನ ಪಿನ್ ತರಹ ಇರುತ್ತದೆ. ಕೀಚೈನಿಗೆ ಸಿಕ್ಕಿಸಲು ಒಂದು ತೂತು. ಹೆಚ್ಚಿನವುಗಳಲ್ಲಿ ನಡುವೆ ಚಿನ್ನದ ಬಣ್ಣದ ಒಂದು ಚಿಕ್ಕ ಬಿಲ್ಲೆ. ಯುಎಸ್‌ಬಿಗೆ ಚುಚ್ಚಿದರೆ ಒಂದು ದೀಪ ಮಿಣುಕುತ್ತದೆ. ಆ ಬಿಲ್ಲೆ ಮುಟ್ಟಿದರೆ ಕೆಲಸ ಮುಗಿಯಿತು. ಬ್ಯಾಟರಿ ಇಲ್ಲ, ಸಿಮ್ ಇಲ್ಲ, ನೆಟ್‌ವರ್ಕ್ ಬೇಡ.

ಒಳಗೆ ನಡೆಯುವುದು ಇಷ್ಟು. ಖಾತೆಗೆ ಕೀ ಸೇರಿಸಿದಾಗ ಅದು ಒಂದು ಜೋಡಿ ತಯಾರು ಮಾಡುತ್ತದೆ. ಗುಟ್ಟಿನ ಅರ್ಧ ಕೀ ಒಳಗೇ ಇರುತ್ತದೆ, ಹೊರಗೆ ಬರುವುದೇ ಇಲ್ಲ. ಇನ್ನರ್ಧ ಆ ಸೈಟಿಗೆ ಹೋಗುತ್ತದೆ. ಈ ಜೋಡಿ ಆ ಸೈಟಿನ ವಿಳಾಸಕ್ಕೇ ಗಂಟು ಬಿದ್ದಿರುತ್ತದೆ. ಆಮೇಲೆ ಲಾಗಿನ್ ಮಾಡುವಾಗ ನೀವು ಯಾವ ವಿಳಾಸದಲ್ಲಿದ್ದೀರಿ ಅಂತ ಬ್ರೌಸರೇ ಕೀಗೆ ತಿಳಿಸುತ್ತದೆ. ಒಂದೇ ಒಂದು ಅಕ್ಷರ ಬೇರೆ ಇದ್ದರೂ ಕೀ ಉತ್ತರ ಕೊಡುವುದಿಲ್ಲ. ಮುಲುಂಡಿನ ಯಜಮಾನರ ಕಣ್ಣಿಗೆ ಕಾಣದ ವ್ಯತ್ಯಾಸ ಕೀಗೆ ಕಾಣುತ್ತಿತ್ತು.

ಸುಮ್ನೆ ಹೇಳುತ್ತಿಲ್ಲ. ಗೂಗಲ್ ತನ್ನ 85,000ಕ್ಕೂ ಜಾಸ್ತಿ ನೌಕರರಿಗೆ 2017ರ ಮೊದಲ ತಿಂಗಳುಗಳಿಂದ ಕೀ ಕಡ್ಡಾಯ ಮಾಡಿತು. ಅಲ್ಲಿಂದ ಈಚೆಗೆ ಯಾರ ಕೆಲಸದ ಖಾತೆಯೂ ಇಂಥ ಮೋಸಕ್ಕೆ ಸಿಕ್ಕಿಲ್ಲ ಅಂತ 2018ರಲ್ಲಿ ಹೇಳಿತು. 2022ರ ಜುಲೈನಲ್ಲಿ ಕ್ಲೌಡ್‌ಫ್ಲೇರ್ ಕಂಪನಿಯ ನೌಕರರಿಗೆ ನಕಲಿ ಎಸ್‌ಎಂಎಸ್ ಬಂತು. ಕೆಲವರು ಮೋಸ ಹೋಗಿ ಪಾಸ್‌ವರ್ಡ್ ಕೊಟ್ಟೂಬಿಟ್ಟರು. ಆದರೂ ಕಳ್ಳರು ಒಳಗೆ ಬರಲಾಗಲಿಲ್ಲ, ಯಾಕೆಂದರೆ ಅಲ್ಲಿ ಎಲ್ಲರಿಗೂ ಕೀ ಇತ್ತು. ಮನುಷ್ಯ ತಪ್ಪು ಮಾಡಿದ ಮೇಲೂ ಕಾಯುವ ವಸ್ತು ಇದು. ನನಗೆ ಇದರ ಮೇಲೆ ಇಷ್ಟು ಭರವಸೆ ಅದಕ್ಕೇ.

ಯಾವ ಕೀ ತಗೊಳ್ಳಲಿ?

ಡಬ್ಬದ ಮೇಲೆ ಫಿಡೋ-2 (FIDO2) ಅಂತ ಇರಬೇಕು. ಫೋನಿಗೂ ಲ್ಯಾಪ್‌ಟಾಪಿಗೂ ಆಗಬೇಕಾದರೆ ಸಿ-ಟೈಪ್ ಪಿನ್ನಿನ ಜೊತೆ ಎನ್‌ಎಫ್‌ಸಿ ಇರುವುದನ್ನು ತಗೊಳ್ಳಿ. ಎನ್‌ಎಫ್‌ಸಿ ಇದ್ದರೆ ಫೋನಿನ ಹಿಂಬದಿಗೆ ತಾಗಿಸಿದರೆ ಸಾಕು (ಐಫೋನಿನಲ್ಲಿ ಮೇಲ್ಭಾಗಕ್ಕೆ). ಐಫೋನ್ 15ರಿಂದ ಈಚೆಗೆ ಸಿ-ಟೈಪ್ ಪಿನ್ನೇ ಬಂದಿದೆ. ಗಲ್ಲಾದಲ್ಲಿ ಹಳೇ ಕಂಪ್ಯೂಟರ್ ಇದ್ದರೆ ಅದಕ್ಕೆ ಅಗಲ ಪಿನ್ ಬೇಕು. ಒಂದು ಚಿಕ್ಕ ಅಡಾಪ್ಟರ್ ಆದರೂ ನಡೆಯುತ್ತದೆ.

ಒಂದಕ್ಕೆ ಕೆಲವು ಸಾವಿರ ರೂಪಾಯಿ ಆಗುತ್ತದೆ. ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಕೊಂಡರೂ ಆನ್‌ಲೈನ್ ತರಿಸಿದರೂ ಸೀಲ್ ಒಡೆದಿರಬಾರದು. ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ಹಳೇ ಸ್ಟಾಕ್ ಕೂಡ ಬೇಡ: ಕೀಯೊಳಗಿನ ಸಾಫ್ಟ್‌ವೇರನ್ನು ಆಮೇಲೆ ಅಪ್‌ಡೇಟ್ ಮಾಡಲು ಸಾಮಾನ್ಯವಾಗಿ ಆಗುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ಯುಬಿಕೀ 5 ಅನ್ನುವ ಕೀಯಲ್ಲಿ ಒಂದು ದೋಷ ಹೊರಬಂತು. 5.7ಕ್ಕಿಂತ ಹಿಂದಿನ ಸಾಫ್ಟ್‌ವೇರ್ ಆವೃತ್ತಿಗಳಲ್ಲಿ ಅದಿದೆ. ನಿಮ್ಮ ಹತ್ತಿರ ಅದೇ ಇದ್ದರೆ ಹೆದರಬೇಡಿ. ಕೀ ಕದ್ದು, ಬಿಚ್ಚಿ, ದುಬಾರಿ ಯಂತ್ರ ಇಟ್ಟುಕೊಂಡು ಮಾಡುವ ಕೆಲಸ ಅದು. ನಮ್ಮಂಥವರ ಬೆನ್ನು ಹತ್ತುವವರು ಅಷ್ಟು ಕಷ್ಟ ಪಡುವುದಿಲ್ಲ.

ಒಂದೇ ಕೀ ಸಾಕಲ್ವಾ?

ಸಾಕಾಗುವುದಿಲ್ಲ. ಎರಡು ತಗೊಳ್ಳಿ. ಎರಡಕ್ಕೆ ಈಗ ದುಡ್ಡಿಲ್ಲ ಅಂದರೆ ಒಂದು ಕೀ ಮತ್ತು ಕಾಗದದ ಮೇಲೆ ಬ್ಯಾಕಪ್ ಕೋಡ್. ಒಂದೇ ಕೀ, ಕೋಡ್ ಇಲ್ಲ ಅನ್ನುವ ಸ್ಥಿತಿಯಲ್ಲಿ ಒಂದು ರಾತ್ರಿಯೂ ಇರಬೇಡಿ. ಆ್ಯಪಲ್ ಖಾತೆಗೆ ಕೀ ಹಾಕಬೇಕಾದರೆ ಕನಿಷ್ಠ ಎರಡು ಕೇಳುತ್ತದೆ, ಆರರವರೆಗೆ ಹಾಕಬಹುದು. ನನಗೆ ಈ ಒತ್ತಾಯ ಸರಿ ಅನಿಸುತ್ತದೆ.

ಒಂದು ವಿಷಯ ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಮನೆಯ ಬೀಗದ ಕೈಗೆ ಡುಪ್ಲಿಕೇಟ್ ಮಾಡಿಸಿದ ಹಾಗೆ ಈ ಕೀಗೆ ನಕಲು ಮಾಡಲಾಗುವುದಿಲ್ಲ. ಎರಡನೇ ಕೀಯನ್ನು ಪ್ರತಿಯೊಂದು ಖಾತೆಗೂ ಬೇರೆಯಾಗಿ ಸೇರಿಸಬೇಕು. ಎರಡು ಕೀ ಕೊಂಡು, ಒಂದನ್ನಷ್ಟೇ ಸೇರಿಸಿ, ಇನ್ನೊಂದನ್ನು ಕಪಾಟಿನಲ್ಲಿಟ್ಟು ನಿಶ್ಚಿಂತೆಯಾಗಿದ್ದವರನ್ನು ನೋಡಿದ್ದೇನೆ.

ಎರಡನೆಯದು ಎಲ್ಲಿಡಬೇಕು? ಊರಿನ ಮನೆಯಲ್ಲಿ ಅಂತ ಕೆಲವರು ಹೇಳುತ್ತಾರೆ. ಬೇಕಾದಾಗ ಮತ್ಸ್ಯಗಂಧ ಹತ್ತಿ ಉಡುಪಿಗೆ ಹೋಗುತ್ತೀರಾ? ಒಂದು ಗಂಟೆಯೊಳಗೆ ಮುಟ್ಟುವ ಜಾಗ ಒಳ್ಳೆಯದು. ನನ್ನದು ಠಾಣೆಯಲ್ಲಿ ಅಕ್ಕನ ಮನೆಯಲ್ಲಿದೆ, ಅಕ್ಕನದು ನಮ್ಮಲ್ಲಿದೆ.

ಬ್ಯಾಕಪ್ ಕೋಡ್ ಎಲ್ಲಿ ಸಿಗುತ್ತದೆ? ಹೇಗೆ ಬರೆದಿಡುವುದು?

ಗೂಗಲ್ ಖಾತೆಯಲ್ಲಿ ಭದ್ರತೆ, ಅದರೊಳಗೆ ಎರಡು ಹಂತದ ಪರಿಶೀಲನೆ, ಅದರೊಳಗೆ ಬ್ಯಾಕಪ್ ಕೋಡ್. ಎಂಟೆಂಟು ಅಂಕಿಯ ಹತ್ತು ಕೋಡ್ ಕೊಡುತ್ತದೆ. ಒಂದು ಕೋಡ್ ಒಂದೇ ಸಲ ನಡೆಯುತ್ತದೆ. ಬಳಸಿದ್ದನ್ನು ಪೆನ್ನಿನಲ್ಲಿ ಹೊಡೆದುಹಾಕಿ. ಹೊಸ ಹತ್ತು ಕೇಳಿದ ತಕ್ಷಣ ಹಳೇ ಹತ್ತೂ ಸತ್ತುಹೋಗುತ್ತವೆ, ಹಾಗಾಗಿ ಹಳೇ ಕಾಗದ ಹರಿದು ಹಾಕಿ. ಎರಡು ಕಾಗದ ಇದ್ದರೆ ಅವಸರದಲ್ಲಿ ಯಾವುದು ಹೊಸದು ಅಂತ ಗೊತ್ತಾಗುವುದಿಲ್ಲ. ಮೇಲೆ ತಾರೀಕು ಬರೆಯಿರಿ. ಬೇರೆ ಕಡೆ ಸಂಖ್ಯೆ ಬೇರೆ ಇರಬಹುದು. ಪ್ರೋಗ್ರಾಂ ಬರೆಯುವವರು ಬಳಸುವ ಗಿಟ್‌ಹಬ್ 16 ಕೊಡುತ್ತದೆ.

ಕೈಯಲ್ಲೇ ಬರೆಯಿರಿ. ಝೆರಾಕ್ಸ್ ಅಂಗಡಿಗೆ ವಾಟ್ಸಾಪಿನಲ್ಲಿ ಕಳಿಸಿ ಪ್ರಿಂಟ್ ತೆಗೆಸಿದರೆ ಅವರ ಕಂಪ್ಯೂಟರಿನಲ್ಲಿ ಪ್ರತಿ ಉಳಿಯುತ್ತದೆ. ಅಂಗಡಿಯವರು ಒಳ್ಳೆಯವರೇ ಇರಬಹುದು, ಆ ಕಂಪ್ಯೂಟರ್ ಮುಂದೆ ಯಾರ್ಯಾರೋ ಕೂರುತ್ತಾರೆ.

ನಮ್ಮ ಮಾವ ಕೋಡ್ ಬರೆದ ದಿನ ನೆನಪಾಗುತ್ತದೆ. ಕ್ಯಾಲೆಂಡರಿನ ಹಳೇ ಹಾಳೆಯ ಹಿಂಬದಿ, ನಾಲ್ಕು ನಾಲ್ಕು ಅಂಕಿ ಬಿಡಿಸಿ, ಸಾಲು ಹಿಡಿದು, ಬಹಳ ಚೆಂದವಾಗಿ ಬರೆದರು. ಎಲ್ಲ ಕನ್ನಡ ಅಂಕಿಯಲ್ಲಿ. ಆರು ತಿಂಗಳಾದ ಮೇಲೆ ಅವರು ಆಸ್ಪತ್ರೆಯಲ್ಲಿದ್ದಾಗ ಅವರ ಇ-ಮೇಲ್ ಖಾತೆಯಿಂದ ಪಾಲಿಸಿ ಕಾಗದ ತೆಗೆಯಬೇಕಾಯಿತು. ನನ್ನ ಮಗಳು ಕೋಡ್ ಹಾಕುತ್ತಾ ಕೂತಳು. ಇಲ್ಲಿ ಶಾಲೆಗೆ ಹೋದವಳು, ೬ ಯಾವುದು, ೯ ಯಾವುದು ಅವಳಿಗೆ ತಿಳಿಯಲಿಲ್ಲ. ೦ ಮತ್ತು ೧ ಕೂಡ ಅದಲು ಬದಲು. ನಾನು ಬಂದ ಮೇಲೆ ಖಾತೆ ತೆರೆಯಿತು. ಈಗ ಮಾವ ಪಕ್ಕದಲ್ಲೇ ಇಂಗ್ಲಿಷ್ ಅಂಕಿಯಲ್ಲೂ ಬರೆದಿದ್ದಾರೆ. ಮನೆಯಲ್ಲಿ ಯಾರು ಓದಬೇಕಾಗಬಹುದೋ ಅವರಿಗೆ ಓದಲು ಬರುವ ಹಾಗೆ ಬರೆಯಿರಿ.

ಬಾಲ್‌ಪೆನ್ ಬಳಸಿ. ಮುಂಬಯಿ ಮಳೆಗಾಲದ ಥಂಡಿಗೆ ಇಂಕು, ಜೆಲ್ ಪೆನ್ ಎಲ್ಲ ಹರಡುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ರೇಷನ್ ಕಾರ್ಡ್, ಪಾಸ್‌ಬುಕ್ ಇಡುವ ಫೈಲಿನಲ್ಲಿಡಿ. ನೆಲಮಹಡಿಯಲ್ಲಿರುವವರು ಕಪಾಟಿನ ಮೇಲಿನ ಖಾನೆಯಲ್ಲಿಡಿ. 2005ರ ಜುಲೈ 26 ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಗದದ ಮೇಲೆ ಪಾಸ್‌ವರ್ಡ್ ಮಾತ್ರ ಬರೆಯಬೇಡಿ. ಕೋಡ್ ಒಂದೇ ಸಿಕ್ಕಿದರೆ ಯಾರಿಗೂ ಪ್ರಯೋಜನ ಇಲ್ಲ.

ಸ್ಕ್ರೀನ್‌ಶಾಟ್ ತೆಗೆದರೆ ಸುಲಭ ಅಲ್ವಾ?

ಆ ಸ್ಕ್ರೀನ್‌ಶಾಟ್ ಎಲ್ಲಿ ಹೋಗುತ್ತದೆ ಯೋಚಿಸಿ. ಫೋನಿನಲ್ಲಿ, ಮತ್ತೆ ಅದೇ ಖಾತೆಯ ಫೋಟೋಗಳಲ್ಲಿ. ಪೆಟ್ಟಿಗೆಗೆ ಬೀಗ ಹಾಕಿ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟ ಹಾಗೆ. ನನಗೆ ಒಂಬತ್ತು ದಿನ ಹೋಗಿದ್ದು ಇದರಿಂದಲೇ. ಮೇಲ್ ಡ್ರಾಫ್ಟಿನಲ್ಲಿ ಇಡುವುದೂ ಅಷ್ಟೇ.

ಕೀ ಹಾಕಿದೆ. ಇನ್ನು ಒಟಿಪಿ ತೆಗೆದುಬಿಡಲಾ?

ಕೀ ಸೇರಿಸಿದ ಮಾತ್ರಕ್ಕೆ ಎಸ್‌ಎಂಎಸ್ ದಾರಿ ತಾನಾಗಿ ಮುಚ್ಚುವುದಿಲ್ಲ. ಮುಂಬಾಗಿಲಿಗೆ ಗಟ್ಟಿ ಬೀಗ, ಹಿಂಬಾಗಿಲಿಗೆ ಬರೀ ಚಿಲಕ ಅನ್ನುವ ಹಾಗೆ ಉಳಿಯುತ್ತದೆ. ಎರಡೂ ಕೀ ಸೇರಿಸಿ, ಎರಡರಲ್ಲೂ ಒಂದೊಂದು ಸಲ ಲಾಗಿನ್ ಮಾಡಿ ನೋಡಿ, ಕೋಡ್ ಬರೆದಿಟ್ಟು, ಆಮೇಲೆ ಎರಡು ಹಂತದ ಪಟ್ಟಿಯಿಂದ ಫೋನ್ ನಂಬರ್ ತೆಗೆಯಿರಿ. ಈ ಕ್ರಮ ತಪ್ಪಿಸಬೇಡಿ. ವಯಸ್ಸಾದವರು ಒಬ್ಬರೇ ಇರುವ ಮನೆಯಾದರೆ ನಾನು ಎಸ್‌ಎಂಎಸ್ ತೆಗೆಯಲು ಹೇಳುವುದಿಲ್ಲ. ಅವರಿಗೆ ಕಳ್ಳನಿಗಿಂತ ಮರೆವಿನ ಅಪಾಯ ಜಾಸ್ತಿ.

ಕೀ ಪಿನ್ ಕೇಳುತ್ತದೆ. ಮರೆತರೆ?

ಇದು ಕೀಯದೇ ಪಿನ್, ಎಟಿಎಂ ಪಿನ್ ಅಲ್ಲ, ಅದನ್ನೇ ಇಡಲೂ ಬೇಡಿ. ಸತತ ಮೂರು ಸಲ ತಪ್ಪಿದರೆ ಕೀ ತೆಗೆದು ಮತ್ತೆ ಚುಚ್ಚಬೇಕು. ಒಟ್ಟು ಎಂಟು ಸಲ ತಪ್ಪಿದರೆ ಲಾಕ್ ಆಗುತ್ತದೆ. ಆಮೇಲೆ ರೀಸೆಟ್ ಒಂದೇ ದಾರಿ. ರೀಸೆಟ್ ಮಾಡಿದರೆ ಅದರಲ್ಲಿದ್ದ ಎಲ್ಲ ಖಾತೆಗಳ ಗುರುತೂ ಅಳಿಸಿಹೋಗುತ್ತದೆ. ಆಗ ನೀವು ಎರಡನೇ ಕೀಯಿಂದ ಅಥವಾ ಕಾಗದದ ಕೋಡಿನಿಂದ ಒಳಗೆ ಹೋಗಿ ಇದನ್ನು ಹೊಸದಾಗಿ ಸೇರಿಸುತ್ತೀರಿ.

ಕೀ ಕಳೆದುಹೋಯಿತು. ಸಿಕ್ಕವನು ಏನು ಮಾಡಬಹುದು?

ಕೀ ಮೇಲೆ ನಿಮ್ಮ ಹೆಸರಿಲ್ಲ, ಮೇಲ್ ವಿಳಾಸ ಇಲ್ಲ. ಪಿನ್ನೂ ಇದೆ. ಗಾಬರಿ ಬೇಡ. ಆದರೂ ಅವತ್ತೇ ಖಾತೆಗೆ ಹೋಗಿ ಆ ಕೀಯನ್ನು ಪಟ್ಟಿಯಿಂದ ತೆಗೆಯಿರಿ. ಸೇರಿಸುವಾಗಲೇ ‘ಕೀಚೈನ್’, ‘ಅಕ್ಕನ ಮನೆ’ ಅಂತ ಹೆಸರು ಕೊಟ್ಟಿದ್ದರೆ ಯಾವುದನ್ನು ತೆಗೆಯಬೇಕು ಅಂತ ತಿಣುಕಬೇಕಾಗಿಲ್ಲ.

ಫೋನ್ ಲೋಕಲ್‌ನಲ್ಲಿ ಹೋಯಿತು. ಮೊದಲು ಏನು ಮಾಡಲಿ?

ಪಕ್ಕದವರ ಫೋನಿನಿಂದ ಸಿಮ್ ಕಂಪನಿಗೆ ಕರೆ ಮಾಡಿ ಸಿಮ್ ಬಂದ್ ಮಾಡಿಸಿ. ಆಮೇಲೆ ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿ. ಮನೆಯ ಲ್ಯಾಪ್‌ಟಾಪಿನಿಂದ, ಇಲ್ಲವೇ ಕೀ ಹಾಕಿ, ಖಾತೆ ತೆರೆದು ಕಳೆದ ಫೋನನ್ನು ಲಾಗೌಟ್ ಮಾಡಿ. ರೈಲ್ವೆ ಪೊಲೀಸರಲ್ಲಿ ದೂರು ಕೊಟ್ಟು ಅದರ ಪ್ರತಿ ತಗೊಳ್ಳಿ. ಸರ್ಕಾರದ ಸಂಚಾರ್ ಸಾಥಿ ಪೋರ್ಟಲಿನಲ್ಲಿ ಫೋನ್ ಬ್ಲಾಕ್ ಮಾಡಲು ಆ ಪ್ರತಿ ಮತ್ತು ಐಎಂಇಐ ನಂಬರ್ (ಪ್ರತಿ ಫೋನಿಗೂ ಇರುವ ಗುರುತಿನ ನಂಬರ್) ಬೇಕು. ಆ ನಂಬರ್ ಈಗಲೇ ಬರೆದಿಡಿ, ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದರೆ ತೋರಿಸುತ್ತದೆ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹೊಸ ಸಿಮ್ ಅವತ್ತೇ ಸಿಗಬಹುದು. ಆದರೆ ಸಿಮ್ ಬದಲಾಯಿಸಿದ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ, ಅದು ನಮ್ಮ ದೇಶದ ನಿಯಮ. ಸಿಮ್ ಮೋಸ ತಡೆಯಲು ತಂದದ್ದು, ಒಳ್ಳೆಯದೇ. ಆ ಒಂದು ದಿನ ನಿಮ್ಮ ಕೈಯಲ್ಲಿರುವುದು ಕಾಗದ ಮತ್ತು ಕೀ ಮಾತ್ರ.

ಬ್ಯಾಂಕಿಗೂ ಈ ಕೀ ನಡೆಯುತ್ತಾ?

ನಮ್ಮ ಸಾಮಾನ್ಯ ಉಳಿತಾಯ ಖಾತೆಗಳಲ್ಲಿ ಈಗಲೂ ಹೆಚ್ಚಾಗಿ ಒಟಿಪಿ ಅಥವಾ ಬ್ಯಾಂಕಿನ ಆ್ಯಪೇ. ಹಾಗಾಗಿ ಸಿಮ್ಮಿಗೇ ಪಿನ್ ಹಾಕಿ. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಸ್ಕ್ರೀನ್ ಲಾಕ್ ಎಷ್ಟೇ ಗಟ್ಟಿಯಿರಲಿ, ಕದ್ದವನು ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ನಿಮ್ಮ ಒಟಿಪಿ ಅವನಿಗೆ ಬರುತ್ತದೆ. ಸಿಮ್ ಪಿನ್ ಇದ್ದರೆ ಬರುವುದಿಲ್ಲ. ಮೂರು ಸಲ ತಪ್ಪಿದರೆ ಸಿಮ್ ಲಾಕ್ ಆಗಿ ಪಿಯುಕೆ (ಲಾಕ್ ಬಿಡಿಸುವ ಕೋಡ್) ಕೇಳುತ್ತದೆ. ಅದಕ್ಕೇ ಮೊದಲಿನ ಪಿನ್ ಏನು ಅಂತ ಕಂಪನಿಯವರನ್ನು ಕೇಳಿಕೊಂಡೇ ಶುರು ಮಾಡಿ, ಊಹೆ ಮಾಡಬೇಡಿ.

ವಾಟ್ಸಾಪ್?

ಅದರಲ್ಲಿ ಆರು ಅಂಕಿಯ ಎರಡು ಹಂತದ ಪಿನ್ ಇದೆ. ಹಾಕಿ, ಜೊತೆಗೆ ಮೇಲ್ ವಿಳಾಸವನ್ನೂ ಕೊಡಿ. ಭಜನಾ ಮಂಡಳಿಯ ಗ್ರೂಪಿನಲ್ಲಿ ನಿಮ್ಮ ಹೆಸರಿನಲ್ಲಿ ಯಾರೋ ದುಡ್ಡು ಕೇಳುವುದು ತಪ್ಪುತ್ತದೆ.

ಹೋಟೆಲಿನ ಖಾತೆ ಒಂದೇ, ನೋಡುವವರು ನಾಲ್ಕು ಜನ. ಹೇಗೆ?

ಇಲ್ಲಿ ತೊಂದರೆ ಜಾಸ್ತಿ ಕಂಡಿದ್ದೇನೆ. ಖಾತೆ ಮ್ಯಾನೇಜರ್ ನಂಬರಿನಲ್ಲಿ ಇರುತ್ತದೆ. ಅವನು ಊರಲ್ಲಿ ಮದುವೆಯಾಗಿ ಅಲ್ಲೇ ನಿಂತುಬಿಡುತ್ತಾನೆ. ನಂಬರ್ ಬದಲಾಗುತ್ತದೆ. ಅಷ್ಟು ವರ್ಷದ ಗಿರಾಕಿಗಳ ಮೇಲ್, ಮ್ಯಾಪಿನ ಹೆಸರು ಎಲ್ಲ ಅವನ ಹಳೇ ಸಿಮ್ಮಿಗೆ ಕಟ್ಟಿಬಿದ್ದಿರುತ್ತದೆ. ಖಾತೆ ಯಜಮಾನರ ನಂಬರಿನಲ್ಲೇ ಇರಲಿ. ಮ್ಯಾಪಿನ ಹೆಸರು ನೋಡಿಕೊಳ್ಳಲು ಉಳಿದವರನ್ನು ಅವರವರ ಖಾತೆಯಿಂದ ಮ್ಯಾನೇಜರ್ ಅಂತ ಸೇರಿಸಬಹುದು, ಪಾಸ್‌ವರ್ಡ್ ಹಂಚಬೇಕಿಲ್ಲ. ಒಂದು ಕೀ ಗಲ್ಲಾದ ಬೀಗದ ಖಾನೆಯಲ್ಲಿ, ಒಂದು ಯಜಮಾನರ ಮನೆಯಲ್ಲಿ. ಯಾರಾದರೂ ಕೆಲಸ ಬಿಟ್ಟರೆ ಅವತ್ತೇ ಅವರ ಹೆಸರು ತೆಗೆಯಿರಿ, ಪಾಸ್‌ವರ್ಡ್ ಬದಲಿಸಿ, ಹೊಸ ಕೋಡ್ ಬರೆಯಿರಿ. ಅವರ ಮೇಲೆ ಅನುಮಾನ ಅಂತಲ್ಲ, ಲೆಕ್ಕ ಒಪ್ಪಿಸಿದ ಹಾಗೆ ಇದೂ ಒಂದು ಕ್ರಮ.

ಪಾಸ್‌ಕೀ ಅಂತ ಹೊಸದು ಬಂದಿದೆಯಲ್ಲ?

ಕೀಯ ಒಳಗಿನ ಅದೇ ಉಪಾಯ, ಫೋನಿನೊಳಗೆ. ಬೆರಳಚ್ಚು ಕೊಟ್ಟರೆ ಆಯಿತು. ನಕಲಿ ಪುಟಕ್ಕೆ ಅದೂ ಬಗ್ಗುವುದಿಲ್ಲ. ಕೀ ಕೊಳ್ಳುವುದು ಬೇಡ ಅನ್ನುವವರು ಇವತ್ತೇ ಇದನ್ನು ಹಾಕಿಕೊಳ್ಳಿ. ಕಾಗದದ ಕೋಡ್ ಮಾತ್ರ ಆಗಲೂ ಬೇಕು.

ನನಗೇನಾದರೂ ಆದರೆ ಮನೆಯವರು ಹೇಗೆ ತೆರೆಯುತ್ತಾರೆ?

ಕೇಳಲು ಸಂಕೋಚ ಪಡಬೇಡಿ, ಇದು ಬಹಳ ಮುಖ್ಯ. ಕೀ ಎಲ್ಲಿದೆ, ಕಾಗದ ಎಲ್ಲಿದೆ ಅಂತ ಹೆಂಡತಿಗೋ ಗಂಡನಿಗೋ ಬಾಯಲ್ಲಿ ಹೇಳಿಡಿ. ಗೂಗಲ್‌ನಲ್ಲಿ ನಿಷ್ಕ್ರಿಯ ಖಾತೆಯ ವ್ಯವಸ್ಥೆ ಇದೆ: ನೀವು ಇಷ್ಟು ತಿಂಗಳು ಬಳಸದಿದ್ದರೆ ನೀವು ಹೇಳಿದವರಿಗೆ ಮಾಹಿತಿ ಕೊಡುತ್ತದೆ. ಹತ್ತು ಜನರವರೆಗೆ ಸೇರಿಸಬಹುದು. ಎರಡು ವರ್ಷ ಯಾರೂ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು. ಹೋದವರ ಫೋಟೋಗಳು ಅದರಲ್ಲೇ ಇರುತ್ತವೆ, ನೆನಪಿರಲಿ.

ಬ್ಯಾಕಪ್ ಕೋಡ್ ಹೇಳಿ ಅಂತ ಫೋನ್ ಬಂದರೆ?

ಇಟ್ಟುಬಿಡಿ. ಯಾವ ಕಂಪನಿಯೂ, ಯಾವ ಪೊಲೀಸರೂ ಅದನ್ನು ಫೋನಿನಲ್ಲಿ ಕೇಳುವುದಿಲ್ಲ.

ಎರಡೂ ಕೀ ತರಿಸಿದ್ದೇನೆ. ಹಾಕಲು ಭಯ.

ಭಾನುವಾರ ಹತ್ತು ಗಂಟೆಗೆ ಬನ್ನಿ. ಎರಡೂ ಕೀ, ಫೋನ್, ಚಾರ್ಜರ್ ತನ್ನಿ. ಮನೆಯಿಂದ ಇನ್ನೊಬ್ಬರನ್ನು ಕರೆದುಕೊಂಡು ಬನ್ನಿ, ಅವರೂ ನೋಡಲಿ. ಅರ್ಧ ಗಂಟೆಯ ಕೆಲಸ. ಕಾಗದ, ಬಾಲ್‌ಪೆನ್ ನನ್ನ ಹತ್ತಿರ ಇದೆ.